ಕಟಕಟೆಯಲ್ಲಿ ನಿಂತವನಿಗೆ ವಕೀಲ ಬೇಡವೆ?



ಬೆಲೆಯ ಲೆಕ್ಕ, ಸಾಲದ ಲೆಕ್ಕ ಈ ಪುಟಗಳಲ್ಲಿ ತಿಂಗಳು ತಿಂಗಳೂ ಬರುತ್ತದೆ. ಬೀಜ, ಗೊಬ್ಬರ, ಆಳಿನ ಕೂಲಿ, ಬೋರ್‌ವೆಲ್, ಮದುವೆ, ಆಸ್ಪತ್ರೆ ಇವೆಲ್ಲ ಸಾಲಕ್ಕೆ ಕಾರಣ ಅಂತ ಪಟ್ಟಿ ಮಾಡುತ್ತೇವೆ. ಆ ಪಟ್ಟಿಯಲ್ಲಿ ಒಂದು ಬಾಬ್ತು ಯಾವಾಗಲೂ ಬಿಟ್ಟುಹೋಗುತ್ತದೆ. ಅದು ವಕೀಲರ ಫೀಸು. ಮನೆಯ ಗಂಡಸನ್ನು ಪೋಲೀಸರು ಕರೆದುಕೊಂಡು ಹೋದ ದಿನ ರಾತ್ರಿ ಹೆಂಗಸರು ಏನು ಮಾಡುತ್ತಾರೆ ಅಂತ ನಿಮಗೇ ಗೊತ್ತು. ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ, ಇಲ್ಲವೇ ಹಟ್ಟಿಯ ಹಸು ಸಂತೆಗೆ ಹೋಗುತ್ತದೆ, ಅದೂ ಇಲ್ಲದಿದ್ದರೆ ಊರಿನ ಸಾಹುಕಾರರ ಜಗಲಿ ಇದ್ದೇ ಇದೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ ತಂದ ಆ ಹಣ ವಕೀಲರಿಗೆ, ಗುಮಾಸ್ತರಿಗೆ, ಜಾಮೀನು ನಿಂತವನಿಗೆ, ಬಸ್ಸಿಗೆ ಹಂಚಿಹೋಗುತ್ತದೆ. ಕೇಸು ಮುಗಿಯುವುದು ಏಳೆಂಟು ವರ್ಷಕ್ಕೆ. ಬಡ್ಡಿ ಮಾತ್ರ ಯಾವ ವಾಯಿದೆಗೂ ಕಾಯುವುದಿಲ್ಲ.

ಪಂಜಾಬಿನಲ್ಲಿದ್ದ ಮಾಲ್ಕಂ ಡಾರ್ಲಿಂಗ್ ಎಂಬ ಇಂಗ್ಲಿಷ್ ಅಧಿಕಾರಿ 1925ರಲ್ಲಿ ರೈತರ ಸಾಲದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಕೋರ್ಟು ವ್ಯಾಜ್ಯದ ಖರ್ಚೂ ಸಾಲಕ್ಕೆ ಒಂದು ಕಾರಣ ಅಂತ ಅವನೇ ಬರೆದಿದ್ದಾನೆ. ನಮ್ಮ ಹಳ್ಳಿಗಳಲ್ಲೂ ಗೆದ್ದವ ಸೋತ, ಸೋತವ ಸತ್ತ ಅಂತ ಗಾದೆ ಇದೆ. ಆದರೆ ಬದುವಿನ ಜಗಳಕ್ಕೆ ಹಟ ಹಿಡಿದು ತಾನಾಗಿ ಕೋರ್ಟಿನ ಮೆಟ್ಟಿಲು ಹತ್ತುವವನು ಬೇರೆ, ಕೈಹಿಡಿದು ಎಳೆದುಕೊಂಡು ಹೋಗಿ ಕಟಕಟೆಯಲ್ಲಿ ನಿಲ್ಲಿಸಿದವನು ಬೇರೆ. ಮೊದಲಿನವನಿಗೆ ಹಿರಿಯರು ಬುದ್ಧಿ ಹೇಳಬಹುದು. ಎರಡನೆಯವನಿಗೆ ಬುದ್ಧಿ ಹೇಳಿ ಏನು ಪ್ರಯೋಜನ? ಅವನಿಗೆ ಬೇಕಾದದ್ದು ವಕೀಲ. ಇವತ್ತು ನಾನು ಬರೆಯುತ್ತಿರುವುದು ಈ ಎರಡನೆಯವನ ಬಗ್ಗೆ.

ಯಾವುದಾದರೂ ತಾಲ್ಲೂಕಿನ ಕ್ರಿಮಿನಲ್ ಕೋರ್ಟಿನೊಳಗೆ ಒಂದು ಬೆಳಿಗ್ಗೆ ಕೂತು ನೋಡಿ. ರಸ್ತೆ ತಡೆ ಮಾಡಿದ ಕೇಸಿನಲ್ಲಿ ನಾನೂ ವಾಯಿದೆಯ ಮೇಲೆ ವಾಯಿದೆ ತಿರುಗಿದವನು, ಕೂತು ನೋಡುವುದಕ್ಕೆ ಬೇಕಾದಷ್ಟು ಪುರಸೊತ್ತು ಸಿಕ್ಕಿತ್ತು. ಒಂದು ಕಡೆ ಸರ್ಕಾರಿ ವಕೀಲರು ಇರುತ್ತಾರೆ. ಅವರ ಸಂಬಳ ಕೊಡೋರು ಯಾರು? ನೀವು. ಕೇಸು ಕಟ್ಟಿದ ಪೋಲೀಸರ ಸಂಬಳ, ಅವರ ಜೀಪಿನ ಡೀಸೆಲ್ಲು ಯಾರದ್ದು? ಅದೂ ನಿಮ್ಮದೇ. ಗೊಬ್ಬರದ ಚೀಲದ ಮೇಲೆ, ಡೀಸೆಲ್ಲಿನ ಮೇಲೆ ಕೊಟ್ಟ ತೆರಿಗೆಯಿಂದಲೇ ಅದು ನಡೆಯುವುದು. ಇನ್ನೊಂದು ಕಡೆ ಅಂಗಿ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ನಿಂತ ಒಬ್ಬ ಕೂಲಿಯವನು. ಸಾಹೇಬರು ಏನೋ ಕೇಳುತ್ತಾರೆ, ಇವನು ಹೂಂ ಅಂತ ತಲೆ ಆಡಿಸುತ್ತಾನೆ. ಏನಕ್ಕೆ ಹೂಂ ಅಂದೆ ಅಂತ ಹೊರಗೆ ಬಂದ ಮೇಲೆ ಕೇಳಿದರೆ ಅವನಿಗೇ ಗೊತ್ತಿರೋದಿಲ್ಲ. ಆಪಾದಿಸಲಿಕ್ಕೆ ಸರ್ಕಾರದ ದುಡ್ಡಿನ ವಕೀಲರು ಇರುವಾಗ, ಕಾಪಾಡಲಿಕ್ಕೂ ಸರ್ಕಾರದ ದುಡ್ಡಿನ ವಕೀಲರು ಇರಬೇಕೋ ಬೇಡವೋ?

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಸ್ಮಿತ್ ಬೆಟ್ಸ್ ಅಂತ ಒಬ್ಬ ಇದ್ದ. ಅವನು ಕೆಲಸ ಕಳೆದುಕೊಂಡಿದ್ದ ಒಬ್ಬ ಹೊಲದ ಆಳು. ಅವನ ಮೇಲೆ ದರೋಡೆಯ ಆಪಾದನೆ ಬಂತು. ದುಡ್ಡಿಲ್ಲ, ವಕೀಲರನ್ನು ಕೊಡಿ ಅಂತ ಕೇಳಿಕೊಂಡ. ಕೊಲೆ, ಅತ್ಯಾಚಾರದ ಕೇಸು ಬಿಟ್ಟು ಬೇರೆಯದಕ್ಕೆ ವಕೀಲರನ್ನು ಕೊಡುವ ಪದ್ಧತಿ ಈ ಜಿಲ್ಲೆಯಲ್ಲಿಲ್ಲ ಅಂತ ಜಡ್ಜ್ ಹೇಳಿ ಎಂಟು ವರ್ಷ ಶಿಕ್ಷೆ ಹಾಕಿದರು. ಕೇಸು ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1942ರಲ್ಲಿ ಅಲ್ಲಿಯೂ ಅವನಿಗೆ ಇಲ್ಲ ಅಂದರು.

ನಮ್ಮ ಪಕ್ಕದ ತೆಲಂಗಾಣಕ್ಕೆ ಬನ್ನಿ. ನಿಜಾಮನ ಸೀಮೆಯಲ್ಲಿ ಜಮೀನ್ದಾರರ ವಿರುದ್ಧ ಎದ್ದ ರೈತ ಹೋರಾಟದಲ್ಲಿ ಸಿಕ್ಕಿಬಿದ್ದವರಿಗೆ, ಪೋಲೀಸ್ ಕಾರ್ಯಾಚರಣೆ ಆದ ಮೇಲೆ ವಿಶೇಷ ನ್ಯಾಯಮಂಡಳಿಗಳು ಮರಣದಂಡನೆ ವಿಧಿಸಿದವು. ನಮ್ಮ ಬೀದರ, ಕಲಬುರಗಿ, ರಾಯಚೂರು ಕೂಡ ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು, ಇದು ದೂರದ ಕಥೆಯೇನಲ್ಲ. ವಿಚಾರಣೆಯಲ್ಲಿ ನಮಗೆ ವಕೀಲರೇ ಇರಲಿಲ್ಲ ಅಂತ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ವಾದ ಮಾಡಲು ಡಿ. ಎನ್. ಪ್ರಿಟ್ ಎಂಬ ಬ್ಯಾರಿಸ್ಟರ್ ಇಂಗ್ಲೆಂಡಿನಿಂದ ಬಂದರು. ಜನಾರ್ದನ ರೆಡ್ಡಿ ಪ್ರಕರಣ ಅಂತ ಅದರ ಹೆಸರು. ವಕೀಲರಿಲ್ಲದೆ ನಡೆಯಿತು ಅಂದ ಮಾತ್ರಕ್ಕೆ ವಿಚಾರಣೆ ಅಸಿಂಧು ಆಗೋದಿಲ್ಲ ಅಂತ 1951ರಲ್ಲಿ ಕೋರ್ಟು ಅರ್ಜಿ ತಳ್ಳಿಹಾಕಿತು. ಸಂವಿಧಾನ ಜಾರಿಗೆ ಬಂದು ಆಗ ಇನ್ನೂ ಒಂದು ವರ್ಷವಾಗಿತ್ತು. ತನಗಿಷ್ಟವಾದ ವಕೀಲರಿಂದ ವಾದ ಮಾಡಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ ಅಂತ ಅದರ 22ನೇ ವಿಧಿ ಹೇಳುತ್ತಿತ್ತು. ಫೀಸು ಕೊಡಲಾರದವನಿಗೆ ಈ ಹಕ್ಕು ಅಂಗಡಿಯ ಗಾಜಿನೊಳಗಿನ ಮಿಠಾಯಿ ಇದ್ದ ಹಾಗೆ.

ಅಂದರೆ ಅಲ್ಲೂ ಇಲ್ಲೂ ಮೊದಲು ಇಲ್ಲ ಅನ್ನಿಸಿಕೊಂಡವರು ಹೊಲದವರೇ.

ಅಮೆರಿಕದಲ್ಲಿ ಆ ತೀರ್ಪು ತಿರುಗಿದ್ದು 1963ರಲ್ಲಿ. ಫ್ಲಾರಿಡಾದಲ್ಲಿ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವ ಒಂದು ಬಿಲಿಯರ್ಡ್ಸ್ ಆಟದ ಅಂಗಡಿಗೆ ಕನ್ನ ಹಾಕಿದ ಅಂತ ಐದು ವರ್ಷ ಶಿಕ್ಷೆಯಾಗಿತ್ತು. ಜೈಲಿನಲ್ಲಿ ಕೂತು ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ ಕೋರ್ಟು ಒಪ್ಪಿತು. ವಕೀಲರನ್ನಿಟ್ಟುಕೊಂಡು ಅದೇ ಕೇಸಿನ ವಿಚಾರಣೆ ಮತ್ತೆ ನಡೆದಾಗ ಏನಾಯಿತು? ಅದೇ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ವಕೀಲರು ಜಾಲಾಡಿದರು, ಗಿಡಿಯನ್ ನಿರ್ದೋಷಿ ಅಂತ ಬಿಡುಗಡೆಯಾದ. ಅಲ್ಲಿ ಹಾಲಿನ ಹೊಳೆ ಹರಿಯುತ್ತಿದೆ ಅಂತ ನಾನು ಹೇಳುತ್ತಿಲ್ಲ. ಸರ್ಕಾರಿ ಸಂಬಳದ ರಕ್ಷಣಾ ವಕೀಲರ ತಲೆ ಮೇಲೆ ಹೊರಲಾರದಷ್ಟು ಕೇಸು ಹೇರಿದ್ದಾರೆ ಅಂತ ಅಲ್ಲಿಯೂ ಕೂಗು ಇದ್ದೇ ಇದೆ.

ನಮ್ಮಲ್ಲಿ ದಾರಿ ತೆರೆದದ್ದು ನಿಧಾನವಾಗಿ. 1976ರ ತಿದ್ದುಪಡಿಯಲ್ಲಿ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ 39ಎ ವಿಧಿ ಸಂವಿಧಾನಕ್ಕೆ ಸೇರಿತು. ಅದೇ ತಿದ್ದುಪಡಿ ತುರ್ತು ಪರಿಸ್ಥಿತಿಯಲ್ಲಿ ಬಂದದ್ದು ಎಂಬುದನ್ನೂ ಮರೆಯುವ ಹಾಗಿಲ್ಲ. ಜನರನ್ನು ವಿಚಾರಣೆಯೇ ಇಲ್ಲದೆ ಒಳಗೆ ಹಾಕಿದ ಕಾಲದಲ್ಲೇ ಬಡವರಿಗೆ ವಕೀಲರ ವಾಗ್ದಾನವೂ ಬಂತು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಹುಸೇನಾರಾ ಖಾತೂನ್ ಪ್ರಕರಣ ಬಂತು. ಆಪಾದನೆ ಸಾಬೀತಾಗಿದ್ದರೂ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದವರು ಅಲ್ಲಿ ಇದ್ದರು. ಆಮೇಲೆ ಭಾಗಲ್ಪುರ. ಅಲ್ಲಿ ಪೋಲೀಸರು ಕೈದಿಗಳ ಕಣ್ಣಿಗೆ ಚುಚ್ಚಿ ಆಸಿಡ್ ಸುರಿದಿದ್ದರು. ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದಾಗ ವಕೀಲರನ್ನು ಯಾಕೆ ಕೊಡಲಿಲ್ಲ ಅಂದರೆ, ಅವರು ಕೇಳಲೇ ಇಲ್ಲ ಅಂತ ಉತ್ತರ ಬಂತು! ಕೇಳದಿದ್ದರೂ ಹೇಳಬೇಕಾದದ್ದು ಮ್ಯಾಜಿಸ್ಟ್ರೇಟರ ಕರ್ತವ್ಯ, ದುಡ್ಡಿಲ್ಲ ಅಂತ ಸರ್ಕಾರ ನೆಪ ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟು ಆಗ ಹೇಳಿತು. 1986ರಲ್ಲಿ ಅರುಣಾಚಲದ ಸುಖ್ ದಾಸ್ ಪ್ರಕರಣ. ಎಂಜಿನಿಯರಿಗೆ ಬೆದರಿಕೆ ಹಾಕಿದ ಅಂತ ಎರಡು ವರ್ಷ ಶಿಕ್ಷೆಯಾಗಿತ್ತು. ಉಚಿತ ವಕೀಲರ ಹಕ್ಕು ಇದೆ ಅಂತ ಅವನಿಗೆ ಯಾರೂ ತಿಳಿಸಿರಲಿಲ್ಲ. ಆ ಒಂದೇ ಕಾರಣಕ್ಕೆ ಸುಪ್ರೀಂ ಕೋರ್ಟು ಶಿಕ್ಷೆಯನ್ನೇ ರದ್ದು ಮಾಡಿತು. 2012ರಲ್ಲಿ ಮುಂಬಯಿ ದಾಳಿಯ ಕಸಬ್ ಪ್ರಕರಣದಲ್ಲಿ, ಬಂಧಿಸಿದವನನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ತಂದ ಕ್ಷಣದಿಂದಲೇ ಈ ಹಕ್ಕು ಶುರುವಾಗುತ್ತದೆ ಅಂತ ಅದೇ ಕೋರ್ಟು ಹೇಳಿತು. ಕಸಬ್‌ನಂಥವನಿಗೂ ಸರ್ಕಾರದ ಖರ್ಚಿನಲ್ಲಿ ವಕೀಲರು ನಿಂತು ವಾದ ಮಾಡಿದರು. ಅದು ಸರಿಯೇ. ಅವನಿಗೆ ಸಿಕ್ಕಿದ್ದು ನಮ್ಮ ಪಂಪ್‌ಸೆಟ್ ಕಳ್ಳತನದ ಆಪಾದನೆ ಹೊತ್ತ ಕೂಲಿಯವನಿಗೆ ಸಿಗಬಾರದೆ ಅಂತಷ್ಟೇ ನಮ್ಮ ಮಾತು.

ಕಾಯ್ದೆಯೂ ಇದೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಲ್ಲಿ ಆಯಿತು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಎಂಟು ವರ್ಷ ಕಾಗದದಲ್ಲೇ ಮಲಗಿತ್ತು. ಈ ಕಾಯ್ದೆಯ 12ನೇ ಕಲಮನ್ನು ದಯವಿಟ್ಟು ನಿಧಾನವಾಗಿ ಓದಿ, ಇದು ನಮಗೆ ಬೇಕಾದ ಕಲಮು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಮತ್ತು ಬಂಧನದಲ್ಲಿರುವ ಯಾರೇ ಆಗಲಿ, ಇವರೆಲ್ಲ ಉಚಿತ ವಕೀಲರಿಗೆ ಅರ್ಹರು. ಇವರ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಉಳಿದವರಿಗೆ ಆದಾಯದ ಮಿತಿ ಇದೆ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಸಾಲು ಇದೆ: ನೆರೆ, ಬರ, ಭೂಕಂಪದಂಥ ವಿಪತ್ತಿಗೆ ಸಿಕ್ಕಿ ತನ್ನ ತಪ್ಪಿಲ್ಲದೆ ಕೊರತೆಗೆ ಬಿದ್ದವನೂ ಅರ್ಹ. ಬರ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. 2023ರಲ್ಲಿ ನಮ್ಮ ಸರ್ಕಾರವೇ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತು. ಆ ವರ್ಷ ಬೆಳೆ ಒಣಗಿ ಕೇಸಿಗೆ ಸಿಕ್ಕಿದ ಎಷ್ಟು ರೈತರಿಗೆ, ನೀನು ಈ ಕಲಮಿನಲ್ಲಿ ಬರುತ್ತೀಯ ಅಂತ ಯಾರಾದರೂ ಹೇಳಿದರು? ಬರ ಪರಿಹಾರಕ್ಕೆ ಅರ್ಜಿ ಹಾಕಲು ಸಾಲು ನಿಂತೆವು, ಇದು ನಮಗೆ ಹೊಳೆಯಲೇ ಇಲ್ಲ, ಹೊಳೆಯುವಂತೆ ಹೇಳುವುದು ಯಾರ ಕೆಲಸವೋ ಅವರೂ ಹೇಳಲಿಲ್ಲ.

ಆದಾಯದ ಮಿತಿಯ ವಿಷಯದಲ್ಲೂ ಒಂದು ಮಾತು. ಮಂಡಿಯ ಪಟ್ಟಿಯಲ್ಲಿ ಬರೆದ ಮೊತ್ತ ರೈತನ ಆದಾಯವಲ್ಲ. ಈ ಪತ್ರಿಕೆ ಹುಟ್ಟಿದ್ದೇ ಈ ಮಾತು ಹೇಳಲಿಕ್ಕೆ. ಟೊಮೇಟೊ ಒಂದು ಲಕ್ಷಕ್ಕೆ ಮಾರಿದವನ ಕೈಯಲ್ಲಿ ಖರ್ಚು ಕಳೆದು ಎಷ್ಟೋ ಸಲ ಏನೂ ಉಳಿದಿರೋದಿಲ್ಲ. ಅರ್ಜಿ ಬರೆಯುವಾಗ ಖರ್ಚು ಕಳೆದ ಲೆಕ್ಕವನ್ನೇ ಬರೆಯಿರಿ. ಇನ್ನು ಆದಾಯ ಸರ್ಟಿಫಿಕೇಟಿಗೆ ನಾಡಕಚೇರಿಗೆ ಅಲೆಯಿಸುತ್ತಾರಲ್ಲ, ಕಾಯ್ದೆಯ 13ನೇ ಕಲಮಿನ ಪ್ರಕಾರ ಅರ್ಜಿದಾರ ಕೊಡುವ ಪ್ರಮಾಣಪತ್ರವೇ, ಅಂದರೆ ಅಫಿಡವಿಟ್ಟೇ ಸಾಕಾಗಬಹುದು. ನಂಬದಿರಲು ಕಾರಣ ಇದ್ದರೆ ಮಾತ್ರ ಬೇರೆ ಮಾತು. ಗುಮಾಸ್ತರು ಬೇರೆ ಹೇಳಿದರೆ ಈ ಕಲಮು ತೋರಿಸಿ.

ಹಾಗಾದರೆ ಎಲ್ಲಿ ಎಡವುತ್ತಿದೆ? ಎರಡು ಕಡೆ. ಒಂದು, ವಕೀಲರು ಬರುವ ಹೊತ್ತು. ಇನ್ನೊಂದು, ಬಂದ ವಕೀಲರು ಮಾಡುವ ಕೆಲಸ.

ಹೊತ್ತಿನ ಮಾತು ಮೊದಲು. ಬಂಧನವಾದ ಮೊದಲ ದಿನ ಒಬ್ಬ ವಕೀಲರು ಪಕ್ಕದಲ್ಲಿದ್ದರೆ ಕೇಸಿನ ಅರ್ಧ ಭಾರ ಇಳಿಯುತ್ತದೆ. ಮುಂದಿನ ದಿನಗಳಲ್ಲೂ ಹಾಗೆಯೇ. ಪೋಲೀಸರು ಆಪಾದನೆಯ ಗಾತ್ರ ನೋಡಿ 60 ಅಥವಾ 90 ದಿನದೊಳಗೆ ದೋಷಾರೋಪಣ ಪಟ್ಟಿ ಹಾಕಬೇಕು. ಹಾಕದಿದ್ದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕು. ಆದರೆ ಅರ್ಜಿ ಹಾಕಬೇಕು, ಪೋಲೀಸರು ಪಟ್ಟಿ ತಂದು ಇಡುವುದಕ್ಕೆ ಮೊದಲೇ ಹಾಕಬೇಕು. ಒಂದು ದಿನ ತಡವಾದರೆ ಹಕ್ಕು ಹೋಯಿತು. ದಿನ ಎಣಿಸುವವರು ಯಾರು? ಜೈಲಿನೊಳಗಿನ ಓದುಬರಹ ಇಲ್ಲದವನೆ? ಜಾಮೀನು ಕೊಡಬಹುದಾದ ಸಣ್ಣ ಅಪರಾಧಗಳಲ್ಲಿ, ಬಂಧನವಾಗಿ ವಾರದೊಳಗೆ ಜಾಮೀನುದಾರನನ್ನು ತರಲಾಗದವನನ್ನು ಬಡವ ಅಂತಲೇ ಭಾವಿಸಿ ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು ಅಂತಲೂ ಕಾನೂನು ಇದೆ. ನಮ್ಮ ಕಡೆ ಏನಾಗುತ್ತಿದೆ? ಪಹಣಿ ಇರುವ ಜಾಮೀನುದಾರನನ್ನು ಹುಡುಕಿ ಅಂತ ಮನೆಯವರು ಊರೂರು ಅಲೆಯುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು, ಇನ್ನೂ ತಪ್ಪು ಸಾಬೀತಾಗದವರು.

ಇನ್ನು ಕೆಲಸದ ಮಾತು. ಮಧ್ಯಪ್ರದೇಶದ ಖಂಡ್ವದಲ್ಲಿ 2013ರಲ್ಲಿ ಒಬ್ಬ ಬಡ ಆದಿವಾಸಿ ಯುವಕನ ಮೇಲೆ ಬಹಳ ಘೋರವಾದ ಆಪಾದನೆ ಬಂದಿತ್ತು. ಕೋರ್ಟು ಅವನಿಗೆ ಒಬ್ಬ ವಕೀಲರನ್ನು ಕೊಟ್ಟಿತು. ಕೊಟ್ಟ ದಿನವೇ ದೋಷಾರೋಪವೂ ಆಯಿತು. ವಕೀಲರಿಗೆ ಕಾಗದ ಓದಲು, ಅವನ ಜೊತೆ ಕೂತು ಮಾತಾಡಲು ಸಮಯವೆಲ್ಲಿ? ಹದಿನೈದು ದಿನದೊಳಗೆ ಎಲ್ಲ ಮುಗಿದು ಗಲ್ಲು ಶಿಕ್ಷೆಯಾಯಿತು. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ರದ್ದು ಮಾಡಿ ಹೊಸದಾಗಿ ವಿಚಾರಣೆ ಮಾಡಿ ಅಂದಿತು. ಗಲ್ಲು ಅಥವಾ ಜೀವಾವಧಿ ಆಗಬಹುದಾದ ಕೇಸಿಗೆ ಕನಿಷ್ಠ ಹತ್ತು ವರ್ಷ ಅನುಭವದ ವಕೀಲರನ್ನೇ ಕೊಡಬೇಕು, ತಯಾರಿಗೆ ಕನಿಷ್ಠ ಏಳು ದಿನ ಕೊಡಬೇಕು ಅಂತಲೂ ಹೇಳಿತು. ಆ ಯುವಕ ಕೊನೆಗೆ ನಿರ್ದೋಷಿ ಅಂತ ಹೊರಗೆ ಬಂದದ್ದು 2024ರಲ್ಲಿ. ಹನ್ನೊಂದು ವರ್ಷ! ಹೆಸರಿಗೆ ವಕೀಲರಿದ್ದರು ಅಂತ ದಾಖಲೆಯಲ್ಲಿ ಮೊದಲ ದಿನದಿಂದಲೂ ಇತ್ತು.

ಉಚಿತ ವಕೀಲರೆಲ್ಲ ಕೆಲಸಗಳ್ಳರು ಅಂತ ನಾನು ಬರೆಯಲಾರೆ. ನಿಷ್ಠೆಯಿಂದ ದುಡಿಯುವವರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಪ್ಯಾನೆಲ್ ವಕೀಲರಿಗೆ ಒಂದು ಕೇಸಿಗೆ ಸಿಗುವ ಗೌರವಧನ ಅಲ್ಪ, ಅದೂ ಕೈಗೆ ಬರುವುದು ತಡ. ಹೊಟ್ಟೆಪಾಡಿಗೆ ಅವರು ಖಾಸಗಿ ಕೇಸಿನ ಕಡೆ ಓಡಿದರೆ ಬೈಯುವುದು ಯಾರನ್ನು? ಇಂಡಿಯಾ ಜಸ್ಟೀಸ್ ರಿಪೋರ್ಟ್ ಎಂಬ ವರದಿ 2025ರಲ್ಲಿ ಲೆಕ್ಕ ಹಾಕಿರುವ ಪ್ರಕಾರ ಕಾನೂನು ನೆರವಿಗೆ ದೇಶ ಮಾಡುವ ಖರ್ಚು ತಲೆಗೆ ವರ್ಷಕ್ಕೆ 6 ರೂಪಾಯಿ 46 ಪೈಸೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಲೋಟ ಟೀ ಕೂಡ ಈ ದುಡ್ಡಿಗೆ ಬರೋದಿಲ್ಲ.

2022ರಿಂದ ಹೊಸ ಏರ್ಪಾಡೊಂದು ಬಂದಿದೆ. ಜಿಲ್ಲೆಗೊಂದು ಕಾನೂನು ನೆರವು ಅಭಿರಕ್ಷಕರ ಕಚೇರಿ ಮಾಡಿ, ಪೂರ್ತಿ ಹೊತ್ತಿನ ವಕೀಲರನ್ನು ತಿಂಗಳ ಸಂಬಳಕ್ಕೆ ನೇಮಿಸಿ, ಬಡ ಆರೋಪಿಗಳ ಕ್ರಿಮಿನಲ್ ಕೇಸು ಮಾತ್ರ ನಡೆಸುವಂತೆ ಮಾಡುವುದು. ಅವರು ಖಾಸಗಿ ಕೇಸು ಹಿಡಿಯುವ ಹಾಗಿಲ್ಲ. ಸರ್ಕಾರಿ ವಕೀಲರಿಗೆ ಎದುರಾಗಿ ಬಡವನ ವಕೀಲರು ಅಂತ ಒಂದು ಕಚೇರಿ ಇರಬೇಕು ಎಂಬ ಈ ಯೋಚನೆ ಒಳ್ಳೆಯದು, ನಾವು ಸ್ವಾಗತಿಸುತ್ತೇವೆ. ಆದರೆ ಆ ವಕೀಲರು ಗುತ್ತಿಗೆಯ ಮೇಲೆ ಇರುವವರು. ಜಿಲ್ಲೆಗೆಲ್ಲ ಸೇರಿ ಬೆರಳೆಣಿಕೆಯಷ್ಟು ಜನ. ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ, ಠಾಣೆ ಇರುವುದು ಹೋಬಳಿಯಲ್ಲಿ. ಆರೋಪ ಹೊರಿಸುವವರು ಖಾಯಂ, ರಕ್ಷಿಸುವವರು ಗುತ್ತಿಗೆ! ಈ ತಕ್ಕಡಿಯಲ್ಲಿ ಎಡಗಡೆಗೂ ಬಲಗಡೆಗೂ ಒಂದೇ ತೂಕದ ಕಲ್ಲು ಇಟ್ಟಿಲ್ಲ ಅನ್ನೋದು, ಮಂಡಿಯಲ್ಲಿ ತೂಕದ ಮೋಸ ನೋಡಿ ಪಳಗಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚೆಕ್ ಕೇಸಿನ ಬಗ್ಗೆ ಬರೆಯದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲ, ಯಾಕಂದರೆ ಸಾಲಗಾರ ರೈತ ಕ್ರಿಮಿನಲ್ ಕೋರ್ಟಿಗೆ ಹೆಚ್ಚಾಗಿ ಹೋಗುವುದು ಆ ಬಾಗಿಲಿನಿಂದ. ಸಾಲ ಕೊಡುವಾಗ ಸಾಹುಕಾರನೋ ಫೈನಾನ್ಸಿನವನೋ ಸಹಿ ಮಾಡಿದ ಖಾಲಿ ಚೆಕ್ ಇಸಿದುಕೊಂಡಿರುತ್ತಾನೆ. ಆಮೇಲೆ ಬಡ್ಡಿ ಚಕ್ರಬಡ್ಡಿ ಸೇರಿಸಿ ತನಗೆ ಬೇಕಾದ ಮೊತ್ತ ಬರೆದು ಬ್ಯಾಂಕಿಗೆ ಹಾಕುತ್ತಾನೆ. ಚೆಕ್ ವಾಪಸು ಬಂದ ಮೇಲೆ ವಕೀಲರ ನೋಟೀಸು ಬರುತ್ತದೆ, ಬಹಳ ಸಲ ಇಂಗ್ಲಿಷಿನಲ್ಲಿ. ರೈತ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಸುಮ್ಮನಾಗುತ್ತಾನೆ. ನೋಟೀಸು ಕೈಗೆ ಬಂದ ಹದಿನೈದು ದಿನ ಬಹಳ ಮುಖ್ಯ, ಅಷ್ಟರೊಳಗೆ ಹಣ ಕೊಡಬೇಕು, ಇಲ್ಲವೇ ನಿಮ್ಮ ತಕರಾರು ಬರೆದು ಉತ್ತರ ಕೊಡಬೇಕು. ಸಾಲಕ್ಕಾಗಿಯೇ ಚೆಕ್ ಕೊಟ್ಟದ್ದು ಅಂತ ಕಾನೂನು ಮೊದಲೇ ಭಾವಿಸಿಕೊಂಡಿರುತ್ತದೆ. ಅಲ್ಲ ಅಂತ ತೋರಿಸುವ ಭಾರ ಆರೋಪಿಯ ಮೇಲೆ. ಶಿಕ್ಷೆ ಎರಡು ವರ್ಷದ ತನಕ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟು ದಂಡ, ಅಥವಾ ಎರಡೂ. 2018ರ ತಿದ್ದುಪಡಿಯ ಮೇಲೆ, ಆರೋಪಿ ತಪ್ಪು ಒಪ್ಪದಿದ್ದರೆ ಕೇಸು ಮುಗಿಯುವ ಮೊದಲೇ ಮೊತ್ತದ ನೂರಕ್ಕೆ 20 ಭಾಗದ ತನಕ ಮಧ್ಯಂತರ ಪರಿಹಾರ ಕಟ್ಟಿ ಅಂತಲೂ ಕೋರ್ಟು ಹೇಳಬಹುದು. ಇಂಥ ಕೇಸಿನಲ್ಲಿ ವಕೀಲರಿಲ್ಲದೆ ನಿಂತವನ ಗತಿ ಏನು? ಸಾಲಕ್ಕೆ ಸಾಲ ಮಾಡಿ ವಕೀಲರನ್ನು ಹಿಡಿಯಬೇಕು. ಇದು ಕ್ರಿಮಿನಲ್ ಕೇಸೇ ಆದದ್ದರಿಂದ, 12ನೇ ಕಲಮಿನಲ್ಲಿ ಬರುವವರು ಇದಕ್ಕೂ ಉಚಿತ ವಕೀಲರನ್ನು ಕೇಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಿ ಅಂದರೆ ಅವಸರ ಪಡಬೇಡಿ. ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಏನು ಬರೆದಿದ್ದಾರೆ ಅಂತ ಕನ್ನಡದಲ್ಲಿ ಓದಿಸಿಕೊಂಡು ಆಮೇಲೆ ಸಹಿ ಮಾಡಿ.

ಚಳುವಳಿಯ ಕೇಸಿಗೆ ಒಂದಲ್ಲ ಒಂದು ರೀತಿ ವಕೀಲರು ಸಿಗುತ್ತಾರೆ. ನರಗುಂದ ನವಲಗುಂದದಲ್ಲಿ 1980ರ ಜುಲೈ 21ರಂದು ಗೋಲೀಬಾರು ಆದ ಕಾಲದಿಂದಲೂ ಹಸಿರು ಟವೆಲ್ಲಿನವರ ಪರ ಫೀಸಿಲ್ಲದೆ ನಿಂತ ವಕೀಲ ಮಿತ್ರರು ಇದ್ದಾರೆ, ಅವರ ಋಣ ದೊಡ್ಡದು. ಒಂಟಿಯಾಗಿ ಸಿಕ್ಕಿಬಿದ್ದ ಸಾಲಗಾರನಿಗೆ, ಅರಣ್ಯದ ಅಂಚಿನಲ್ಲಿ ಸೌದೆ ಆಯ್ದು ಕೇಸು ಹಾಕಿಸಿಕೊಂಡವನಿಗೆ ಅಂಥ ಬಳಗ ಇಲ್ಲ. ಅವನಿಗೆ ಇರೋದು ಈ ಕಾಯ್ದೆ ಒಂದೇ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಪ್ರತಿ ಠಾಣೆಯಲ್ಲಿ, ಬಂಧಿಸಿದವರನ್ನು ಕೂರಿಸುವ ಜಾಗದಲ್ಲೇ, ಉಚಿತ ವಕೀಲರ ಹೆಸರು ಮತ್ತು ಫೋನ್ ನಂಬರು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಿರಬೇಕು. ಮೊದಲ ಸಲ ಮುಂದೆ ತಂದಾಗ ಮ್ಯಾಜಿಸ್ಟ್ರೇಟರು ಬಾಯಿ ಬಿಟ್ಟು ಕೇಳಬೇಕು, ಕೇಳಿದ್ದನ್ನೂ ಆರೋಪಿಯ ಉತ್ತರವನ್ನೂ ದಾಖಲೆಯಲ್ಲಿ ಬರೆಸಬೇಕು. ಅಭಿರಕ್ಷಕರ ಕಚೇರಿಯ ವಕೀಲರು ತಾಲ್ಲೂಕು ಕೇಂದ್ರದಲ್ಲೂ ಕೂರಬೇಕು, ಅವರ ಕೆಲಸ ಖಾಯಂ ಆಗಬೇಕು, ಸಂಬಳ ಎದುರು ಪಕ್ಷದ ಸರ್ಕಾರಿ ವಕೀಲರಿಗೆ ಸರಿಸಮ ಇರಬೇಕು. ಬರ ಘೋಷಣೆಯಾದ ತಾಲ್ಲೂಕಿನಲ್ಲಿ 12ನೇ ಕಲಮಿನ ವಿಷಯ ಡಂಗುರ ಸಾರಿ ತಿಳಿಸಬೇಕು.

ಬೇಡಿಕೆ ಈಡೇರುವ ತನಕ ನಮ್ಮ ಕೆಲಸ ನಾವು ಮಾಡೋಣ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇದೆ. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಸಾಕು, ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳಬೇಕು. ಫೋನಾದರೆ 15100. ಪ್ರತಿ ಗ್ರಾಮ ಘಟಕದವರು ಈ ನಂಬರನ್ನು ಡೈರಿಯ ಅಂಗಡಿ, ಸೊಸೈಟಿಯ ಗೋಡೆ, ಹಿಟ್ಟಿನ ಗಿರಣಿಯ ಬಾಗಿಲ ಮೇಲೆ ಬರೆಸಿ. ಉಚಿತ ವಕೀಲರನ್ನು ಕೇಳಿದವರು ತಮ್ಮ ಅನುಭವವನ್ನು ನಮಗೆ ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಯಾವ ಥರದ ಕೇಸು, ಕೇಳಿದ ಎಷ್ಟನೇ ದಿನಕ್ಕೆ ವಕೀಲರು ಸಿಕ್ಕಿದರು, ಅವರು ನಿಮ್ಮ ಜೊತೆ ಎಷ್ಟು ಹೊತ್ತು ಕೂತು ಮಾತಾಡಿದರು, ದುಡ್ಡು ಏನಾದರೂ ಕೇಳಿದರೆ, ಇಷ್ಟು ಬರೆದರೆ ಸಾಕು. ನಿಮ್ಮ ಹೆಸರು ಅಚ್ಚು ಮಾಡುವುದಿಲ್ಲ. ಬಂದ ಕಾಗದಗಳನ್ನೆಲ್ಲ ಸೇರಿಸಿ ತಾಲ್ಲೂಕುವಾರು ಲೆಕ್ಕ ಹಾಕಿ ಮುಂದಿನ ಸಂಚಿಕೆಯಿಂದ ಬೆಲೆಗಳ ಪಟ್ಟಿಯ ಪಕ್ಕದ ಅಂಕಣದಲ್ಲೇ ಹಾಕುತ್ತೇವೆ.